ಪದ ಪರಿಚಯ: ಶಾಲೆಯ ಸಂಪರ್ಕ ಲಾಗ್

ಶಾಲೆಗೆ ಬರುವ ಮತ್ತು ಶಾಲೆಯಿಂದ ಹೋಗುವ ಮುಖ್ಯವಾದ ಕರೆ, ಮೆಸೇಜು, ಬಾಯಿಮಾತು ಇವನ್ನೆಲ್ಲ ದಿನ, ಹೊತ್ತು ಸಮೇತ ಒಂದೇ ಕಡೆ ಬರೆದಿಡುವುದಕ್ಕೆ ಸಂಪರ್ಕ ಲಾಗ್ ಅನ್ನುತ್ತಾರೆ. ಕಮ್ಯುನಿಕೇಶನ್ ಲಾಗ್ ಅಂತಲೂ ಕೇಳಿರಬಹುದು. ಸರಕಾರಿ ಕಚೇರಿ ಕಂಡವರಿಗೆ ಆವಕ-ಜಾವಕ ವಹಿ ಗೊತ್ತೇ ಇದೆ. ಟಪಾಲು ಯಾವಾಗ ಬಂತು, ಯಾರ ಟೇಬಲ್ಲಿಗೆ ಹೋಯಿತು ಅಂತ ಅದು ಹೇಳುತ್ತದೆ. ಲಾಗ್ ಅದೇ ಕೆಲಸವನ್ನು ಫೋನಿಗೂ ವಾಟ್ಸ್ಆ್ಯಪ್ಪಿಗೂ ಗೇಟಿನ ಹತ್ತಿರ ಆಡಿದ ಮಾತಿಗೂ ಮಾಡುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಯಾಕೆ ಬೇಕು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆ ಕಾಳಿ ಸೇತುವೆ ಮುರಿದುಬಿತ್ತು. ಮಳೆಗಾಲದಲ್ಲಿ ಬೆಳಿಗ್ಗೆ ಇದ್ದ ದಾರಿ ಸಂಜೆ ಇರುತ್ತದೆ ಅನ್ನುವ ಭರವಸೆ ಇಲ್ಲ. ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆ, ದೇವಿಮನೆ ಘಟ್ಟದಲ್ಲಿ ಮರ ಬಿದ್ದ ಸುದ್ದಿ, ಶಿರಸಿ-ಸಿದ್ದಾಪುರ ಕಡೆ ಹಳ್ಳ ದಾಟುವ ಕಾಲುಸಂಕದ ಮೇಲೆ ನೀರು ಹರಿಯುತ್ತಿದೆ ಅನ್ನುವ ಒಂದು ಫೋನು. ಇಂಥ ದಿನ ಶಾಲೆಗೆ ಹತ್ತು ಕಡೆಯಿಂದ ಮಾತು ಬರುತ್ತದೆ. ಅದನ್ನು ಯಾರು ಕೇಳಿಸಿಕೊಂಡರು, ಯಾರಿಗೆ ದಾಟಿಸಿದರು, ಆಮೇಲೆ ಏನು ಮಾಡಿದರು?

ತೊಡಕು ಇರುವುದು ಇಲ್ಲೇ. ನಮ್ಮ ಎಷ್ಟೋ ಹಳ್ಳಿ ಶಾಲೆಗಳಿಗೆ ಅಂತ ಒಂದು ಫೋನಿಲ್ಲ. ಹೆಡ್‌ಮಾಸ್ತರರ ಸ್ವಂತ ಮೊಬೈಲೇ ಶಾಲೆಯ ಫೋನು. ಅವರು ಮೀಟಿಂಗಿಗೆ ಹೋದರೆ ಸುದ್ದಿಯೂ ಅವರ ಜೇಬಿನಲ್ಲಿ ಹೋಗುತ್ತದೆ. ವರ್ಗಾವಣೆ ಆದರಂತೂ ವರ್ಷಗಳ ಕರೆ, ಮೆಸೇಜು ಎಲ್ಲ ಬೇರೆ ಊರು ಸೇರುತ್ತದೆ. ಲಾಗ್ ಇಡುವುದು ಅಂದರೆ, ಒಬ್ಬರ ಜೇಬಿಗೆ ಬಂದ ಮಾಹಿತಿಯನ್ನು ಶಾಲೆಯದ್ದಾಗಿ ಮಾಡುವುದು. ನನಗೆ ಇದರಷ್ಟು ಮುಖ್ಯವಾದ ಉಪಯೋಗ ಬೇರೆ ಕಾಣುವುದಿಲ್ಲ.

ರೆಕಾರ್ಡಿಂಗ್ ಮತ್ತು ಲಾಗ್ ಎರಡೂ ಒಂದೇ ಅಂತ ಜಾಸ್ತಿ ಜನ ತಿಳಿದಿದ್ದಾರೆ. ರೆಕಾರ್ಡಿಂಗ್ ಅಂದರೆ ಆಡಿದ ಮಾತನ್ನು ದನಿ ಸಮೇತ ಹಾಗೇ ಹಿಡಿದಿಡುವುದು. ಲಾಗ್ ಅಂದರೆ ಆ ಮಾತಿನ ಬಗ್ಗೆ ಬರೆದ ಒಂದೆರಡು ಸಾಲು. ಮಾತಿನ ಬಗ್ಗೆ ಜಗಳ ಬಂದಾಗ ರೆಕಾರ್ಡಿಂಗ್ ಬೇಕಾಗುತ್ತದೆ. ಆದರೆ ನೂರಾರು ಆಡಿಯೋ ಫೈಲುಗಳಲ್ಲಿ ಬೇಕಾದ್ದನ್ನು ಹುಡುಕಿಕೊಡುವುದು ಲಾಗೇ. ಎರಡರಲ್ಲಿ ಒಂದೇ ಸಾಧ್ಯ ಅಂದರೆ ನಾನು ಲಾಗನ್ನೇ ಆರಿಸುತ್ತೇನೆ. ಅದಕ್ಕೆ ಕರೆಂಟು ಬೇಡ, ನೆಟ್‌ವರ್ಕೂ ಬೇಡ. ಜೋಯಿಡಾ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಒಂದು ನಮೂದು ಹೇಗಿರುತ್ತದೆ ನೋಡಿ. ಇದು ಉದಾಹರಣೆಗೆ ಬರೆದದ್ದು:

“ಮಧ್ಯಾಹ್ನ 2:40. ಗೊತ್ತಿಲ್ಲದ ನಂಬರಿನಿಂದ ಕರೆ. ನಾಲ್ಕನೇ ತರಗತಿಯ ಹುಡುಗಿಯ ಮಾವ ಅಂದರು. ಇವತ್ತು ತಾವೇ ಕರೆದುಕೊಂಡು ಹೋಗುತ್ತೇವೆ ಅಂದರು. 2:45ಕ್ಕೆ ನಮ್ಮ ಪಟ್ಟಿಯಲ್ಲಿರುವ ತಾಯಿಯ ನಂಬರಿಗೆ ಫೋನ್ ಮಾಡಿದೆ. ಹೌದು, ಅಣ್ಣನನ್ನು ಕಳಿಸಿದ್ದೇನೆ ಅಂದರು. 4:05ಕ್ಕೆ ಗುರುತಿನ ಚೀಟಿ ನೋಡಿ ಕಳಿಸಿದೆ.” ಕೆಳಗೆ ಬರೆದವರ ಸಹಿ.

ಇಷ್ಟೇ. ಹೊತ್ತು, ಯಾರು, ಏನು ಹೇಳಿದರು, ನಾವು ಏನು ಮಾಡಿದೆವು, ಸಹಿ. ಇದರಲ್ಲಿ ನಾಲ್ಕನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಸುಮ್ನೆ ‘ಮಾವ ಫೋನ್ ಮಾಡಿದ್ದರು’ ಅಂತ ಬರೆದಿಟ್ಟರೆ ಮಗುವಿಗೆ ಏನೂ ಪ್ರಯೋಜನವಿಲ್ಲ. ಬಂದ ನಂಬರಿಗೇ ವಾಪಸ್ ಫೋನ್ ಮಾಡದೆ, ಮೊದಲೇ ಬರೆದಿಟ್ಟ ನಂಬರಿಗೆ ಮಾಡಿ ಕೇಳಿದ್ದು ಮಗುವನ್ನು ಕಾಯುವ ಕೆಲಸ. ‘ನಾವು ಏನು ಮಾಡಿದೆವು’ ಅನ್ನುವ ಕಾಲಂ ಖಾಲಿ ಇದ್ದರೆ ಕಣ್ಣಿಗೆ ಕುಕ್ಕುತ್ತದೆ, ಅದನ್ನು ತುಂಬುವುದಕ್ಕಾದರೂ ಆ ಕೆಲಸ ಆಗುತ್ತದೆ.

ಕೊಂಕಣ ರೈಲ್ವೆಯ ದಾರಿಯಲ್ಲಿ ಓಡಾಡುವವರು ಇನ್ನೊಂದು ವಿಷಯ ಗಮನಿಸಬಹುದು. ರೈಲ್ವೆಯಲ್ಲಿ ಗೇಟ್ ಮುಚ್ಚಿದ್ದೇವೆ ಅಂತ ಫೋನಿನಲ್ಲಿ ಹೇಳಿದರೆ ಸಾಲದು. ಸ್ಟೇಷನ್ ಮಾಸ್ತರರೂ ಗೇಟ್‌ಮನ್ನೂ ಪ್ರೈವೇಟ್ ನಂಬರ್ (ಇದು ಫೋನ್ ನಂಬರಲ್ಲ, ಮಾತು ಖಚಿತ ಅನ್ನುವುದಕ್ಕೆ ಹೇಳುವ ಗುಟ್ಟಿನ ಸಂಖ್ಯೆ) ಕೊಟ್ಟು ತೆಗೆದುಕೊಂಡು ಅದನ್ನು ವಹಿಯಲ್ಲಿ ಬರೆಯುತ್ತಾರೆ. ಕೇಳಿಸಿಕೊಂಡಿದ್ದೇನೆ ಅನ್ನುವುದಕ್ಕೆ ಎರಡೂ ಕಡೆ ಗುರುತು ಉಳಿಯುತ್ತದೆ. ಶಾಲೆಗೆ ಅಷ್ಟು ಬಿಗಿ ಬೇಡ. ಆದರೆ ‘ಇವತ್ತು ಎರಡು ಗಂಟೆಗೇ ಬಿಡುತ್ತೇವೆ’ ಅಂತ ಟೆಂಪೋದವರಿಗೆ ಹೇಳಿದಾಗ, ಅವರ ಬಾಯಿಂದ ‘ಎರಡು ಗಂಟೆಗೆ’ ಅಂತ ಒಮ್ಮೆ ಹೇಳಿಸಿ ಬರೆದುಕೊಂಡರೆ ಎಷ್ಟೋ ಗೊಂದಲ ತಪ್ಪುತ್ತದೆ ಅಲ್ವಾ?

ವಾಟ್ಸ್ಆ್ಯಪ್ ಗುಂಪು ಇದೆಯಲ್ಲ, ಅದೇ ಲಾಗ್ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಅಲ್ಲಿ ಕಳಿಸಿದವರೂ ಅಡ್ಮಿನ್ನೂ ಮೆಸೇಜನ್ನು ಎಲ್ಲರಿಗೂ ಕಾಣದಂತೆ ಅಳಿಸಬಹುದು. ತಾನಾಗಿ ಮಾಯವಾಗುವ ಮೆಸೇಜಿನ ಸೆಟ್ಟಿಂಗ್ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲ ಹೋಗುತ್ತದೆ. ಮಳೆ ರಜೆಯ ಸುಳ್ಳು ಆದೇಶ ಗುಂಪಿನಿಂದ ಗುಂಪಿಗೆ ಓಡುವುದನ್ನು ಪ್ರತಿ ವರ್ಷ ನೋಡುತ್ತೇವೆ. ಆ ಆದೇಶ ಯಾರಿಂದ ಬಂತು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೇಳಿ ಖಚಿತ ಮಾಡಿಕೊಂಡೆವಾ ಅನ್ನುವ ಒಂದು ಸಾಲು ವಹಿಯಲ್ಲಿ ಬೀಳಬೇಕು.

ಬೆದರಿಕೆ ಕರೆ, ಇಮೇಲ್ ವಿಷಯದಲ್ಲಿ ಮೂಲವನ್ನು ಉಳಿಸುವುದೇ ದೊಡ್ಡ ಕೆಲಸ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಇದೆ ಅಂತ ಇಮೇಲ್ ಬಂದಿತ್ತು, ಆಮೇಲೆ ಅದು ಹುಸಿ ಅಂತಾಯಿತು. ಇಂಥದ್ದು ಬಂದರೆ 112ಕ್ಕೆ ಫೋನ್ ಮಾಡಿ, ಇಮೇಲನ್ನು ಅಳಿಸದೆ ಹಾಗೇ ಬಿಡಬೇಕು. ಅದು ಯಾವ ದಾರಿಯಲ್ಲಿ ಬಂತು ಅನ್ನುವ ವಿವರ ಮೂಲ ಇಮೇಲಿನ ಒಳಗಿರುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಅದು ಸಿಗುವುದಿಲ್ಲ. ಕೋರ್ಟಿನ ಮಾತು ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಫೈಲಿನ ಹ್ಯಾಶ್ ನಂಬರನ್ನೂ, ಅಂದರೆ ಫೈಲಿನ ಒಳಗಿರುವುದರಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತಿನ ಸಂಖ್ಯೆಯನ್ನೂ, ಅದರಲ್ಲಿ ಬರೆಯಬೇಕು. ಫೈಲಿನಲ್ಲಿ ಚೂರು ಬದಲಾದರೂ ಹ್ಯಾಶ್ ಬದಲಾಗುತ್ತದೆ. ಹಾಗಾಗಿ ಆಡಿಯೋ ಕತ್ತರಿಸುವುದು, ‘ಮುಖ್ಯ ಭಾಗ ಮಾತ್ರ’ ಇಟ್ಟುಕೊಳ್ಳುವುದು ಬೇಡ. ವಹಿಯಲ್ಲೂ ಅಷ್ಟೇ. ತಪ್ಪು ಬರೆದರೆ ವೈಟ್ನರ್ ಹಚ್ಚದೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕಬೇಕು.

ಕ್ಯಾಮೆರಾ ಈ ಮಾತಿನ ಹತ್ತಿರದ ನೆಂಟ. 2025ರ ಜುಲೈನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ದನಿಯನ್ನೂ ಹಿಡಿಯುವ ಸಿಸಿಟಿವಿ ಇರಬೇಕು, ಕನಿಷ್ಠ 15 ದಿನದ ದೃಶ್ಯ ಉಳಿಸಬೇಕು ಅಂತ ನಿಯಮ ಮಾಡಿತು. 15 ದಿನ ಅಂದರೆ ಬೇಗ ಮುಗಿದುಹೋಗುತ್ತದೆ. ಮಗು ತಿಂಗಳ ಮೇಲೆ ಬಾಯಿ ಬಿಟ್ಟರೆ ಆ ದಿನದ ದೃಶ್ಯ ಇರಬೇಕೆಂದಿಲ್ಲ, ವಹಿಯ ಪುಟ ಇರುತ್ತದೆ.

ಮಗು ಹೇಳಿದ್ದನ್ನು ಬರೆಯುವುದು ಬೇರೆಯೇ ಜವಾಬ್ದಾರಿ. “ಟೆಂಪೋ ಅಣ್ಣ ಮುಂದೇ ಕೂರಿಸ್ಕೋತಾನೆ, ನಂಗೆ ಬ್ಯಾಡ” ಅಂತ ಮಗು ಅಂದರೆ ಹಾಗೇ ಬರೆಯಬೇಕು. ‘ಚಾಲಕನ ಅನುಚಿತ ವರ್ತನೆ’ ಅಂತ ನಾವು ತಿದ್ದಿದರೆ ಮಗುವಿನ ಮಾತು ಕಳೆದುಹೋಗುತ್ತದೆ. ಅಕ್ಕೋರು, ಅಂದರೆ ಟೀಚರು, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಉತ್ತರ ಬಾಯಿಗೆ ಹಾಕಲೂಬಾರದು. ಲೈಂಗಿಕ ಕಿರುಕುಳದ ಅನುಮಾನ ಇದ್ದರೆ ಲಾಗಿನಲ್ಲಿ ಬರೆದೆವು ಅಂತ ಕೂರುವ ಹಾಗಿಲ್ಲ. ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಅವರು ಅದಕ್ಕೊಂದು ಎಂಟ್ರಿ ನಂಬರ್ ಕೊಟ್ಟು, ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಬೇಕು. ಆ ನಂಬರನ್ನು ಶಾಲೆ ಕೇಳಿ ಬರೆದಿಟ್ಟುಕೊಳ್ಳಲಿ. ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲಾಗಬಹುದು. ಮಕ್ಕಳ ಸಹಾಯವಾಣಿ 1098 ಯಾವ ಹೊತ್ತಿಗೂ ಇದೆ.

ಇಂಥ ನಮೂದು ಎಲ್ಲರ ಕೈಗೆ ಸಿಗುವ ವಹಿಯಲ್ಲಿ ಇರಬಾರದು. ಬೇರೆ ಪುಸ್ತಕ, ಬೀಗ, ಓದುವ ಹಕ್ಕು ಒಬ್ಬಿಬ್ಬರಿಗೆ ಮಾತ್ರ. ಮಗುವಿನ ಗುರುತು ಹೊರಗೆ ಬಿಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯೂ ಹೇಳುತ್ತದೆ. ಕರೆ ರೆಕಾರ್ಡ್ ಮಾಡುವ ಶಾಲೆ ಆ ವಿಷಯವನ್ನು ಪಾಲಕರಿಗೆ ಮೊದಲೇ ತಿಳಿಸಬೇಕು. ಗುಟ್ಟಾಗಿ ರೆಕಾರ್ಡ್ ಮಾಡುತ್ತಾರೆ ಅಂತ ಗೊತ್ತಾದ ದಿನದಿಂದ ತಾಯಂದಿರು ಶಾಲೆಗೆ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಆಗ ಲಾಗಿಗೆ ಬರಬೇಕಾದ ಮಾತೇ ಬರುವುದಿಲ್ಲ.

ಶುರು ಮಾಡುವುದಕ್ಕೆ ಒಂದು ಗಟ್ಟಿ ರಟ್ಟಿನ ವಹಿ, ಬಾಲ್‌ಪೆನ್ನು ಸಾಕು. ಗೋಡೆ ಗಡಿಯಾರದ ಬದಲು ಮೊಬೈಲಿನ ಹೊತ್ತನ್ನೇ ಬರೆಯಿರಿ, ಪೊಲೀಸರ ಅಥವಾ ಫೋನ್ ಕಂಪನಿಯ ದಾಖಲೆ ಜೊತೆ ತಾಳೆ ನೋಡುವಾಗ ಅದು ಹೊಂದುತ್ತದೆ. ತಿಂಗಳಿಗೊಮ್ಮೆ ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಗೆ ಮುಂಚೆ ಪುಟ ತಿರುವಿ ಹಾಕಿ. ಒಂದೇ ಟೆಂಪೋ ಮತ್ತೆ ಮತ್ತೆ ತಡವಾಗಿದ್ದು, ಒಂದೇ ಕಾಲುಸಂಕದ ಬಗ್ಗೆ ಬೇರೆ ಬೇರೆ ಮನೆಯವರು ಹೇಳಿದ್ದು ಆಗ ಕಾಣುತ್ತದೆ. ಬಿಡಿಬಿಡಿಯಾಗಿ ಕೇಳಿದಾಗ ಅದು ಯಾರಿಗೂ ಹೊಳೆದಿರುವುದಿಲ್ಲ. ಹೆಡ್‌ಮಾಸ್ತರರು ವರ್ಗವಾಗಿ ಚಾರ್ಜ್ ಕೊಡುವಾಗ, ಹಾಜರಿ ಪುಸ್ತಕ, ಬಿಸಿಯೂಟದ ದಾಸ್ತಾನು ವಹಿ ಜೊತೆ ಈ ವಹಿಯನ್ನೂ ಪಟ್ಟಿಗೆ ಸೇರಿಸಿ ಸಹಿ ತೆಗೆದುಕೊಳ್ಳಿ.