ಸಂಡೂರಿನ ಬಿಸಿಲು, ರಕ್ತದ ಟ್ಯೂಬು

ಶೇಂಗಾ ಎಣ್ಣೆಯನ್ನು ಬಾಯಿ ಮುಚ್ಚದೆ ಬಿಸಿಲಲ್ಲಿಟ್ಟರೆ ಕೆಲವೇ ದಿನಕ್ಕೆ ಕಮಟು ವಾಸನೆ ಹಿಡಿಯುತ್ತದೆ, ಅಲ್ವಾ? ಗಾಳಿಯ ಆಮ್ಲಜನಕ ಎಣ್ಣೆಯ ಕೊಬ್ಬನ್ನು ಕೆಡಿಸಿರುತ್ತದೆ. ನಮ್ಮ ಜೀವಕೋಶಗಳ ಪೊರೆಯಲ್ಲೂ ಕೊಬ್ಬಿದೆ, ಅಲ್ಲೂ ಇದೇ ಕ್ರಿಯೆ ನಡೆಯುತ್ತದೆ. ದೇಹದೊಳಗೆ ಹುಟ್ಟುವ, ಸಿಕ್ಕಿದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಚಂಚಲ ಅಣುಗಳಾದ ಫ್ರೀ ರ್‍ಯಾಡಿಕಲ್‌ಗಳು ಕೊಬ್ಬು, ಪ್ರೋಟೀನ್, ಡಿಎನ್‌ಎ ಎಲ್ಲದರ ಮೇಲೂ ಬೀಳುತ್ತವೆ. ದೇಹ ತಡೆಯುತ್ತಲೇ ಇರುತ್ತದೆ. ತಡೆಯುವ ಶಕ್ತಿಗಿಂತ ದಾಳಿ ಜಾಸ್ತಿಯಾದಾಗ ಅದನ್ನು ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ. 1985ರಲ್ಲಿ ಇದಕ್ಕೆ ಸ್ಪಷ್ಟ ವಿವರಣೆ ಕೊಟ್ಟವರು ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಸೀಸ್.

ಬಳ್ಳಾರಿ, ರಾಯಚೂರಿನ ನಮ್ಮ ಭಾಗಕ್ಕೆ ಇದು ತೀರಾ ಹತ್ತಿರದ ವಿಷಯ. ಸಂಡೂರಿನ ಅದಿರಿನ ದೂಳು, ತೋರಣಗಲ್ಲಿನ ಉಕ್ಕಿನ ಕುಲುಮೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಹಟ್ಟಿ ಚಿನ್ನದ ಗಣಿಯ ಕಲ್ಲುಪುಡಿ. ಕಬ್ಬಿಣದ ಅಯಾನು ದೇಹದಲ್ಲೇ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ. ಅಷ್ಟು ಉಗ್ರವಾದ ರ್‍ಯಾಡಿಕಲ್ ದೇಹದಲ್ಲಿ ಇನ್ನೊಂದಿಲ್ಲ. ಈ ದೂಳಲ್ಲಿ ದುಡಿಯುವವರ ಜೀವಕೋಶ ಎಷ್ಟು ಪೆಟ್ಟು ತಿಂದಿದೆ ಎಂದು ಕಾಯಿಲೆಗೆ ಮೊದಲೇ ಗೊತ್ತಾಗಬೇಕು.

ರ್‍ಯಾಡಿಕಲ್ ಕೈಗೆ ಸಿಗುವುದಿಲ್ಲ. ಹುಟ್ಟಿದ ಕ್ಷಣದಲ್ಲೇ ಯಾವುದನ್ನೋ ಕೆಡಿಸಿ ಮಾಯವಾಗುತ್ತದೆ. ಹಾಗಾಗಿ ಅದು ಬಿಟ್ಟುಹೋದ ಗುರುತನ್ನು ಅಳೆಯಬೇಕು. ಈ ಗುರುತೇ ಬಯೋಮಾರ್ಕರ್.

ಅಗ್ಗದ ಪರೀಕ್ಷೆ ಎಂದರೆ ಟಿಬಿಎ. ಕೊಬ್ಬು ಕೆಟ್ಟಾಗ ಮೇಲಾನ್‌ಡೈಆಲ್ಡಿಹೈಡ್ ಎಂಬ ಸಣ್ಣ ಅಣು ಉಳಿಯುತ್ತದೆ. ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವವಾದ ಪ್ಲಾಸ್ಮಾಕ್ಕೆ ಆಮ್ಲ ಹಾಕಿ, ಥಯೋಬಾರ್ಬಿಟ್ಯೂರಿಕ್ ಆಸಿಡ್ ಬೆರೆಸಿ, 95 ಡಿಗ್ರಿ ಬಿಸಿನೀರಲ್ಲಿಟ್ಟರೆ ಗುಲಾಬಿ ಬಣ್ಣ ಬರುತ್ತದೆ. 532 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಆ ಬಣ್ಣವನ್ನು ಓದುತ್ತಾರೆ. ಎಣ್ಣೆ, ಮಾಂಸ ಕೆಟ್ಟಿದೆಯಾ ಎಂದು ನೋಡಲೂ ಇದೇ ಪರೀಕ್ಷೆ. ತೊಂದರೆ ಏನೆಂದರೆ ಸಕ್ಕರೆಯ ಅಂಶ, ಕಾಮಾಲೆಯವರ ರಕ್ತದ ಹಳದಿ ಬಣ್ಣವಾದ ಬಿಲಿರುಬಿನ್, ಒಡೆದ ಕೆಂಪು ರಕ್ತಕಣ, ಇವೂ ಆ ಓದನ್ನು ಏರುಪೇರು ಮಾಡುತ್ತವೆ. ಸಾಲದ್ದಕ್ಕೆ, ಬಿಸಿ ಮಾಡುವಾಗಲೇ ಟ್ಯೂಬಿನ ಕೊಬ್ಬು ಹೊಸದಾಗಿ ಕೆಡುತ್ತದೆ. ಅದನ್ನು ತಡೆಯುವ ರಾಸಾಯನಿಕವಾದ ಬಿಎಚ್‌ಟಿಯನ್ನು ಮೊದಲೇ ಹಾಕಬೇಕು. ಇದೊಂದೇ ಸಂಖ್ಯೆ ಹಿಡಿದು ಯಾರ ಆರೋಗ್ಯದ ಬಗ್ಗೆಯೂ ತೀರ್ಪು ಕೊಡಬಾರದು ಎಂದೇ ನಾನು ಹೇಳುತ್ತೇನೆ.

ಗ್ಲುಟಾಥಯೋನ್ ಎಂಬ ಅಣುವಿನ ಲೆಕ್ಕ ಇನ್ನೂ ಸೂಕ್ಷ್ಮ. ಜೀವಕೋಶದ ಮುಖ್ಯ ಕಾವಲುಗಾರ ಅದು. ದಾಳಿ ತಡೆದಾಗ ಎರಡೆರಡು ಅಣು ಜೋಡಿಯಾಗಿ ಆಕ್ಸಿಡೈಸ್ಡ್, ಅಂದರೆ ಕೆಟ್ಟ, ರೂಪಕ್ಕೆ ಬರುತ್ತವೆ. ಎರಡೂ ರೂಪಗಳ ಪ್ರಮಾಣ ನೋಡಿದರೆ ದೇಹದ ಸ್ಥಿತಿ ತಿಳಿಯುತ್ತದೆ. ಆದರೆ ಆರೋಗ್ಯವಂತರ ರಕ್ತದಲ್ಲಿ ಆಕ್ಸಿಡೈಸ್ಡ್ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಸೂಜಿಯಿಂದ ಟ್ಯೂಬಿಗೆ ಬಂದ ರಕ್ತದಲ್ಲಿ ನೂರಕ್ಕೆ ಒಂದು ಪಾಲು ಸುಮ್ನೆ ಕೆಟ್ಟರೂ ಸಾಕು, ಉತ್ತರ ದುಪ್ಪಟ್ಟು! ದುಡಿಮೆಗಾರ ಆರೋಗ್ಯವಾಗಿರುತ್ತಾನೆ, ವರದಿ ಮಾತ್ರ ಕಾಯಿಲೆ ಹೇಳುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲಿ, ಗಣಿ ಹತ್ತಿರದ ಕ್ಯಾಂಪಿನಲ್ಲಿ ರಕ್ತ ತೆಗೆದು, ಜೀಪಿನಲ್ಲಿ ಬಳ್ಳಾರಿಗೆ ತರುವಷ್ಟರಲ್ಲಿ ಏನಾಗಿರುತ್ತದೆ ಯೋಚಿಸಿ. ಇದಕ್ಕೆ ಉಪಾಯವಿದೆ. ಎನ್-ಈಥೈಲ್‌ಮೇಲಿಮೈಡ್ ಎಂಬ ರಾಸಾಯನಿಕವನ್ನು ಟ್ಯೂಬಿಗೆ ಮೊದಲೇ ಹಾಕಿಟ್ಟರೆ, ರಕ್ತ ಬಿದ್ದ ತಕ್ಷಣ ಅದು ಕೆಡದ ಗ್ಲುಟಾಥಯೋನನ್ನು ಹಿಡಿದು ಕಟ್ಟಿಹಾಕುತ್ತದೆ. ಮುಂದೆ ಅದು ಆಕ್ಸಿಡೈಸ್ ಆಗಲಾರದು. ಹೊಸ ಪರೀಕ್ಷೆ ಕಟ್ಟುವವರು ಮಷೀನಿಗೆ ಕೊಡುವಷ್ಟೇ ಗಮನವನ್ನು ಈ ಟ್ಯೂಬಿಗೂ ಕೊಡಬೇಕು. ಒಂದೇ ಸ್ಯಾಂಪಲ್ಲನ್ನು ಐಸಿನಲ್ಲಿ, ನೆರಳಲ್ಲಿ, ಜೀಪಿನ ಬಿಸಿಯಲ್ಲಿ ಇಟ್ಟು ಎಷ್ಟು ಹೊತ್ತಿಗೆ ಎಷ್ಟು ಬದಲಾಯಿತು ಎಂದು ಇಲ್ಲೇ ನೋಡಬೇಕು. ತಂಪು ದೇಶದ ಲ್ಯಾಬಿನ ಲೆಕ್ಕ ನಮಗೆ ಸಾಲದು.

ನನ್ನನ್ನು ಕೇಳಿದರೆ, ನಮ್ಮ ಜಿಲ್ಲೆಗಳಲ್ಲಿ ಮೂತ್ರದಿಂದ ಶುರು ಮಾಡುವುದೇ ಒಳ್ಳೆಯದು. ಡಿಎನ್‌ಎಗೆ ಬಿದ್ದ ಪೆಟ್ಟಿನ ಗುರುತಾದ 8-ಒಎಚ್‌ಡಿಜಿ ಮೂತ್ರದಲ್ಲಿ ಹೊರಬರುತ್ತದೆ, ಅಷ್ಟು ಸುಲಭಕ್ಕೆ ಕೆಡುವುದೂ ಇಲ್ಲ. ಸೂಜಿಯ ಭಯವಿಲ್ಲ. ಬಿಸಿಲಲ್ಲಿ ಬೆವರಿದವರ ಮೂತ್ರ ಗಟ್ಟಿಯಾಗಿರುವುದರಿಂದ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹೊರಬರುವ ಕ್ರಿಯಾಟಿನಿನ್ ಎಂಬ ಕಸವನ್ನು ಅಳೆದು ಅದಕ್ಕೆ ಸರಿಹೊಂದಿಸಬೇಕು. ಪ್ರತಿಕಾಯ ಬಳಸಿ ಅಳೆಯುವ ಎಲೈಸಾ ಕಿಟ್‌ಗಳು ಬೇರೆ ಅಣುಗಳನ್ನೂ ಹಿಡಿದು ಸಂಖ್ಯೆಯನ್ನು ಹೆಚ್ಚಾಗಿ ತೋರಿಸುತ್ತವೆ, ಆದ್ದರಿಂದ ಕೆಲವು ಸ್ಯಾಂಪಲ್‌ಗಳನ್ನಾದರೂ ಅಣುವನ್ನು ಅದರ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇರುವಲ್ಲಿಗೆ ಕಳಿಸಿ ತಾಳೆ ನೋಡಬೇಕು. ಬೀಡಿ ಸೇದುವವರನ್ನು ಬೇರೆ ಗುಂಪಾಗಿ ಇಡಬೇಕು, ಹೊಗೆಯೇ ಈ ಗುರುತನ್ನು ಏರಿಸುತ್ತದೆ. ಒಬ್ಬನದೇ ಮೂತ್ರವನ್ನು ಪಾಳಿಗೆ ಮೊದಲು, ಪಾಳಿ ಮುಗಿದ ಮೇಲೆ, ರಜೆ ಕಳೆದು ಬಂದ ದಿನ ತೆಗೆದುಕೊಂಡರೆ ಅವನಿಗೆ ಅವನನ್ನೇ ಹೋಲಿಸಬಹುದು.