ಸುತ್ತ ದಟ್ಟ ಕಾಡು, ನಡುವೆ ಬೋಳು ಬಂಡೆ: ಅಲ್ಲಿ ಮರವೇಕೆ ಬೆಳೆಯುವುದಿಲ್ಲ?

ಪ್ರಶ್ನೆ: ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ವೋಲ್ಟ್ಸ್‌ಬರ್ಗ್ ಎಂಬ ಗ್ರಾನೈಟ್ ಗುಡ್ಡದ ಚಿತ್ರ ನೋಡಿದೆ. ಕಣ್ಣು ಹಾಯುವಷ್ಟು ದೂರ ಮಳೆಕಾಡು, ಗುಡ್ಡ ಮಾತ್ರ ಬೋಳು. ಅಷ್ಟು ಮಳೆ ಸುರಿದರೂ ಅಲ್ಲಿ ಮರವೇಕಿಲ್ಲ? ಬರಿ ಬಂಡೆಯನ್ನು ಕಾಪಾಡಿ ಪ್ರಯೋಜನವೇನು? (ಹಾಸನದಿಂದ ಒಬ್ಬ ಓದುಗರು)

ಉತ್ತರ: ಬೇಸಿಗೆಯ ಮಧ್ಯಾಹ್ನ ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬರಿಗಾಲಲ್ಲಿ ಹತ್ತಿದವರ ಅಂಗಾಲಿಗೆ ಅರ್ಧ ಉತ್ತರ ಗೊತ್ತಿರುತ್ತದೆ. ಬಿಸಿಲಿಗೆ ಕಾದ ಹಾಸುಬಂಡೆಯ ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಮಳೆಯೇನೋ ಧಾರಾಳವಾಗಿ ಬೀಳುತ್ತದೆ, ಆದರೆ ನಿಲ್ಲುವುದಿಲ್ಲ. ಗುಂಡನೆಯ ಬೆನ್ನಿನ ಮೇಲೆ ಬಿದ್ದ ನೀರು ಕೆಲವೇ ನಿಮಿಷಗಳಲ್ಲಿ ಇಳಿದು ತಪ್ಪಲಿನ ಮರಗಳ ಪಾಲಾಗುತ್ತದೆ. ಮಳೆಕಾಡಿನ ನಡುವೆ ಇದ್ದರೂ ಬಂಡೆಯ ಬದುಕು ಮರುಭೂಮಿಯದು.

ಇನ್ನರ್ಧ ಉತ್ತರ ಕಲ್ಲಿನೊಳಗೇ ಇದೆ. ಗ್ರಾನೈಟ್ ಹುಟ್ಟುವುದು ನೆಲದಾಳದಲ್ಲಿ, ಕಿಲೋಮೀಟರುಗಟ್ಟಲೆ ಶಿಲೆಯ ಭಾರದ ಕೆಳಗೆ. ಮೇಲಿನದೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಾಗ ಭಾರ ಇಳಿದ ಬಂಡೆ ಹಿಗ್ಗುತ್ತದೆ. ಹಿಗ್ಗಿ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಆಗಾಗ ಒಂದು ಪದರ ಜಾರಿ ಬಿದ್ದರೆ ಅದರ ಮೇಲೆ ಕೂಡಿದ್ದ ಹಿಡಿ ಮಣ್ಣೂ ಅದರೊಂದಿಗೇ ಹೋಯಿತು. ನಮ್ಮ ಕಡೆಯ ಕಲ್ಲುಕುಟಿಗರಿಗೆ ಬಂಡೆಯ ಈ ಗುಣ ಚೆನ್ನಾಗಿ ಗೊತ್ತಿತ್ತು. ಬಂಡೆಯ ಮೇಲೆ ಸೌದೆ ಹಾಕಿ ಬೆಂಕಿಯನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತ, ಅಗಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಟೊಳ್ಳು ಸದ್ದು ಬಂದಲ್ಲಿ ಪದರ ಬಿಟ್ಟಿದೆ ಎಂದು ಅರ್ಥ.

ಹಾಗಾದರೆ ಬಂಡೆ ಬರಿದೇ? ಖಂಡಿತ ಅಲ್ಲ. ಮಳೆನೀರು ಇಳಿಯುವ ದಾರಿಯಲ್ಲಿ ಕಾಣುವ ಕಪ್ಪು ಪಟ್ಟೆಗಳನ್ನು ಹೆಚ್ಚಿನವರು ಕೊಳೆ ಎಂದುಕೊಳ್ಳುತ್ತಾರೆ. ಅವು ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಸಯನೋಬ್ಯಾಕ್ಟೀರಿಯಾಗಳ ಪದರ. ಬೇಸಿಗೆಯೆಲ್ಲ ಒಣಗಿ ಸತ್ತಂತೆ ಬಿದ್ದಿದ್ದು, ಮಳೆ ತಾಗಿದೊಡನೆ ಮತ್ತೆ ಉಸಿರಾಡತೊಡಗುತ್ತವೆ. ಪಕ್ಕದಲ್ಲೇ ಬೂದು, ಹಳದಿ ಮಚ್ಚೆಗಳಂತೆ ಕಲ್ಲುಹೂವು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ ಇದು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಹರಡುವ ಜೀವ. ಬಿರುಕಿನಲ್ಲಿ ಬೊಗಸೆ ಮಣ್ಣು ಕೂಡಿತೆಂದರೆ ಹುಲ್ಲು, ಜರಿಗಿಡ ಬರುತ್ತವೆ. ನೀರು ಜಿನುಗುವ ಕಡೆ ಹುಳು ಹಿಡಿದು ತಿನ್ನುವ ಪುಟ್ಟ ಗಿಡಗಳೂ ಇರುತ್ತವೆ, ಏಕೆಂದರೆ ಆ ತೆಳು ಮಣ್ಣಿನಲ್ಲಿ ಸಾರವಿಲ್ಲ. ಸುತ್ತಲಿನ ಕಾಡಿನ ನೆರಳಿನಲ್ಲಿ ಇವು ಬದುಕಲಾರವು. ಹಾಗಾಗಿ ಅವುಗಳ ಪಾಲಿಗೆ ಬಂಡೆ ಎಂದರೆ ಹಸಿರು ಸಮುದ್ರದ ನಡುವಿನ ದ್ವೀಪ.

ಸುಮಾರು 240 ಮೀಟರ್ ಎತ್ತರದ ವೋಲ್ಟ್ಸ್‌ಬರ್ಗ್ ಇರುವುದು 16 ಲಕ್ಷ ಹೆಕ್ಟೇರ್ ವಿಸ್ತಾರದ ಸೆಂಟ್ರಲ್ ಸುರಿನಾಮ್ ಸಂರಕ್ಷಿತ ಪ್ರದೇಶದಲ್ಲಿ. 1998ರಲ್ಲಿ ರೂಪುಗೊಂಡ ಈ ಪ್ರದೇಶ 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಾಡನ್ನು ಉಳಿಸಿ ಬಂಡೆಯನ್ನು ಬಿಟ್ಟುಬಿಡಲು ಬರುವುದಿಲ್ಲ. ತಪ್ಪಲಿಗೆ ನೀರಿಳಿಸುವುದು ಅದೇ.

ಚಾರಣಕ್ಕೆ ಹೋದವರು 'ಇಲ್ಲಿ ಸುಡಲು ಏನಿದೆ' ಎಂದು ಹಾಸುಬಂಡೆಯ ಮೇಲೆ ಒಲೆ ಹೂಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೆಂಕಿ ಆರಿದ ಮೇಲೆ ಅಲ್ಲಿ ಮೊರದಗಲದ ಚಕ್ಕೆ ಎದ್ದಿರುತ್ತದೆ, ಮೇಲಿದ್ದ ಕಲ್ಲುಹೂವಿನ ಸಮೇತ.