ಆ ಪರ್ಸೆಂಟ್ ಯಾವುದರ ಪರ್ಸೆಂಟ್?

“ಮಾಮ, ನಿಂದು ನೂರಾ ಹತ್ತು ಪರ್ಸೆಂಟ್ ಆಯ್ತು. ಇನ್ನೂ ಯಾಕೆ ಸತ್ತಿಲ್ಲ?”

ಕೇಳಿದವನು ಅಕ್ಕನ ಮಗ. ಅವನ ಕೈಯಲ್ಲಿ ಮೂರು ಹಿಡಿಕೆಯ ಬೂದು ಕಂಟ್ರೋಲರ್, ಟೀವಿಯಲ್ಲಿ ‘ಸೂಪರ್ ಸ್ಮ್ಯಾಷ್ ಬ್ರದರ್ಸ್’ ಸರಣಿಯ ಮೊಟ್ಟಮೊದಲ ಆಟ. 1999ರ ಜನವರಿಯಲ್ಲಿ ಜಪಾನಿನಲ್ಲಿ, ನಿಂಟೆಂಡೊ 64 ಯಂತ್ರಕ್ಕೆಂದು ಬಂದದ್ದು. ಮಾರಿಯೊ, ಪಿಕಾಚು, ಡಾಂಕಿ ಕಾಂಗ್, ಲಿಂಕ್ ಹೀಗೆ ಬೇರೆ ಬೇರೆ ಆಟಗಳ ಹನ್ನೆರಡು ಜನ ಒಂದೇ ಅಖಾಡಕ್ಕೆ ಇಳಿದು ಬಡಿದಾಡುತ್ತಾರೆ. ಪರದೆಯ ಕೆಳಗಡೆ ಒಬ್ಬೊಬ್ಬರ ಹೆಸರಿಗೂ ಒಂದೊಂದು ಪರ್ಸೆಂಟ್ ಅಂಕಿ. ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂದು ಶಾಲೆಯಲ್ಲಿ ಕಲಿತ ಹುಡುಗನಿಗೆ, ನೂರು ದಾಟಿದವನು ಇನ್ನೂ ಕುಣಿಯುತ್ತಿದ್ದರೆ ಅನುಮಾನ ಬರಲೇಬೇಕು. ದೊಡ್ಡವರೂ ಈ ಅಂಕಿಯನ್ನು “ಎಷ್ಟು ಪ್ರಾಣ ಹೋಯಿತು” ಎಂದೇ ಓದುತ್ತಾರೆ. ಅದು 999ರವರೆಗೂ ಏರಬಲ್ಲದು ಎಂದರೆ ಆಟ ಮಾಡಿದವರಿಗೆ ಗಣಿತ ಬರುವುದಿಲ್ಲ ಎಂದುಬಿಡುತ್ತಾರೆ.

ಗಣಿತ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಮೊದಲ ಮಾದರಿಗೆ ಪ್ರೋಗ್ರಾಂ ಬರೆದವರು ಸತೋರು ಇವಾಟಾ. ಆಗ ಅವರು ಹ್ಯಾಲ್ ಲ್ಯಾಬೊರೇಟರಿ ಕಂಪನಿಯ ಅಧ್ಯಕ್ಷರು, ಮುಂದೆ 2002ರಲ್ಲಿ ನಿಂಟೆಂಡೊಗೇ ಅಧ್ಯಕ್ಷರಾದವರು. ಅಧ್ಯಕ್ಷಗಿರಿಯ ನಡುವೆ ವಾರಾಂತ್ಯಗಳಲ್ಲಿ ಕೂತು ಕೋಡ್ ಬರೆಯುತ್ತಿದ್ದರಂತೆ. ಆಟದ ಕಲ್ಪನೆ ಮಸಾಹಿರೊ ಸಕುರಾಯ್ ಅವರದು. ಮಾದರಿಗೆ ಇಟ್ಟಿದ್ದ ಹೆಸರು ‘ರ್ಯೂಓ’, ಅಂದರೆ ನಾಗರಾಜ. ಆಫೀಸಿನ ಹತ್ತಿರದ ಊರಿನ ಹೆಸರೇ ಅದು. ಮಾದರಿಯಲ್ಲಿ ಹೊಡೆದಾಡುತ್ತಿದ್ದವು ಮುಖವೂ ಇಲ್ಲದ ಬೊಂಬೆಗಳು. ಮಾರಿಯೊ ಬಳಗ ಬಂದದ್ದು ಆಮೇಲೆ, ಅದೂ ಮೊದಲಿಗೆ ಯಾರ ಅಪ್ಪಣೆಯನ್ನೂ ಕೇಳದೆ!

ಸಕುರಾಯ್ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ಆಟದಂಗಡಿಯೊಂದರಲ್ಲಿ ‘ಕಿಂಗ್ ಆಫ್ ಫೈಟರ್ಸ್ 95’ ಆಡುತ್ತ ಎದುರಾಳಿಯನ್ನು ಚೆನ್ನಾಗಿ ಜಪ್ಪಿದರಂತೆ. ಮುಗಿದ ಮೇಲೆ ನೋಡಿದರೆ ಯಂತ್ರದ ಆ ಕಡೆ ಕೂತಿದ್ದದ್ದು ಆಟವೇ ಹೊಸದಾದ ಒಂದು ಜೋಡಿ. ಪಿಚ್ಚೆನಿಸಿತು. ಅಂಥ ಆಟಗಳಲ್ಲಿ ಪಳಗಿದವನ ಒಂದು ಗುದ್ದು ತಾಗಿತೋ, ಬಾಯಿಪಾಠ ಮಾಡಿಟ್ಟ ಏಟುಗಳ ಸರ ಶುರುವಾಗುತ್ತದೆ. ಅದು ಮುಗಿಯುವ ತನಕ ತಿನ್ನುವವನು ಸುಮ್ಮನೆ ತಿನ್ನಬೇಕು. ಮಗ್ಗಿ ಒಪ್ಪಿಸಿದ ಹಾಗೆ. ಈ ಬಾಯಿಪಾಠವನ್ನು ಮುರಿಯುವ ಮದ್ದೇ ಆ ಪರ್ಸೆಂಟ್.

ನೀವು ಏಟು ತಿಂದಷ್ಟೂ ಆ ಅಂಕಿ ಏರುತ್ತದೆ, ಅಷ್ಟೆ. ಅದರಿಂದಲೇ ಯಾರೂ ಸಾಯುವುದಿಲ್ಲ. ಸಾಯುವುದು ಅಖಾಡದಾಚೆ ಹಾರಿ ಪರದೆಯ ಎಲ್ಲೆ ದಾಟಿದಾಗ; ಸುಮೊ ಕುಸ್ತಿಯಲ್ಲಿ ಗೆರೆಯಾಚೆ ಕಾಲಿಟ್ಟವನು ಸೋತ ಹಾಗೆ. ಮುಂದಿನ ಹೊಡೆತಕ್ಕೆ ನೀವು ಎಷ್ಟು ಜೋರಾಗಿ ಹಾರುತ್ತೀರಿ ಎಂಬುದನ್ನು ಪರ್ಸೆಂಟ್ ನಿರ್ಧರಿಸುತ್ತದೆ.

ಕೇರಂ ಬೋರ್ಡಿಗೆ ಪೌಡರ್ ಉದುರಿಸುವುದನ್ನು ನೆನೆಸಿಕೊಳ್ಳಿ. ಪ್ರತಿ ಏಟೂ ಒಂದು ಚಿಟಿಕೆ ಪೌಡರ್. ಸ್ಟ್ರೈಕರ್ ಅದೇ, ಬೆರಳಿನ ಬಲ ಅದೇ, ಕಾಯಿ ಮಾತ್ರ ಸಲಸಲಕ್ಕೂ ಹೆಚ್ಚು ಜಾರುತ್ತದೆ. ಆದರೆ ಪೌಡರ್ ಇಡೀ ಬೋರ್ಡಿಗೆ ಬೀಳುತ್ತದೆ, ಇಲ್ಲಿ ಏಟು ತಿಂದವನ ಕಾಲಡಿಗೆ ಮಾತ್ರ. ಹಾಗಾದರೆ ತೆಂಗಿನಕಾಯಿ ಅನ್ನೋಣ. ಎಳನೀರು ತುಂಬಿದ ಬುರುಡೆಯನ್ನು ಒದ್ದರೆ ನಮ್ಮ ಕಾಲೇ ನೋಯುತ್ತದೆ. ಬಲಿತು, ನೀರು ಇಂಗಿ, ಒಣಗಿದ್ದನ್ನು ಒದ್ದರೆ ಅಂಗಳದಾಚೆ ಉರುಳುತ್ತದೆ. ಏಟು ಬಿದ್ದಷ್ಟೂ ನೀರು ಇಂಗುವ ಕಾಯಿ ಎಂದುಕೊಂಡರೆ ಬಹುಪಾಲು ಸರಿ.

ಭೌತವಿಜ್ಞಾನದ ಲೆಕ್ಕದಲ್ಲಿ ಇದು ಶುದ್ಧ ಸುಳ್ಳು. ಒಂದು ಚೆಂಡಿಗೆ ಒಂದೇ ಬಲದಲ್ಲಿ ನೂರು ಸಲ ಹೊಡೆದರೂ ನೂರನೆಯ ಸಲ ಅದೇನೂ ಹೆಚ್ಚು ದೂರ ಹೋಗುವುದಿಲ್ಲ. ಹೊಡೆತದಿಂದ ಸಿಕ್ಕ ಸಂವೇಗವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗ. ಹಳೆಯ ಗಾಯಗಳು ಈ ಸಮೀಕರಣದಲ್ಲಿ ಎಲ್ಲೂ ಬರುವುದಿಲ್ಲ. ಆಟದಲ್ಲಿ ಬರುತ್ತವೆ. ಆಟಗಾರರು ಬಗೆದು ತೆಗೆದಿರುವ ಸೂತ್ರದ ತಿರುಳು ಇದು: ಪರ್ಸೆಂಟನ್ನು 10ರಿಂದ ಭಾಗಿಸಿ. ಅದೇ ಪರ್ಸೆಂಟನ್ನು ಹೊಡೆತದ ಬಲದಿಂದ ಗುಣಿಸಿ, 20ರಿಂದ ಭಾಗಿಸಿ. ಎರಡನ್ನೂ ಕೂಡಿಸಿ.

10 ಬಲದ ಒಂದು ಹೊಡೆತ ತೆಗೆದುಕೊಳ್ಳಿ. 20 ಪರ್ಸೆಂಟ್ ಇದ್ದವನಿಗೆ 2 ಕೂಡಿಸು 10, ಒಟ್ಟು 12. ಅದೇ ಹೊಡೆತ 100 ಪರ್ಸೆಂಟ್ ಇದ್ದವನಿಗೆ 10 ಕೂಡಿಸು 50, ಒಟ್ಟು 60. ಹೊಡೆತದ ಬಲವೇ 20 ಆದರೆ 110! ಇದರ ಮೇಲೆ ಪಾತ್ರದ ತೂಕ (ಡಾಂಕಿ ಕಾಂಗ್ ಎಲ್ಲರಿಗಿಂತ ಭಾರ, ಜಿಗ್ಲಿಪಫ್ ಎಲ್ಲರಿಗಿಂತ ಹಗುರ), ಇನ್ನೂ ಕೆಲವು ಸ್ಥಿರಾಂಕಗಳು ಸೇರುತ್ತವೆ. ಬಂದ ಉತ್ತರದಿಂದ ಹಾರುವ ವೇಗ ಸಿಗುತ್ತದೆ.

ಕಣ್ಣಿಗೆ ಕಾಣುವುದು ವೇಗವಲ್ಲ, ದೂರ. ನನಗೆ ಅತ್ಯಂತ ಖುಷಿ ಕೊಡುವುದು ಈ ಭಾಗ. ಹಾರುತ್ತಿರುವವನ ವೇಗ ಫ್ರೇಮಿಗೆ (ಪರದೆಯ ಮೇಲೆ ಸರಸರನೆ ಬದಲಾಗುವ ಒಂದೊಂದು ಚಿತ್ರಕ್ಕೆ) ಇಷ್ಟು ಎಂದು ಒಂದೇ ಸಮನೆ ಇಳಿಯುತ್ತದೆ, ಬ್ರೇಕ್ ಒತ್ತಿ ಹಿಡಿದ ಸ್ಕೂಟರಿನ ಹಾಗೆ. ಗಂಟೆಗೆ 20 ಕಿಲೋಮೀಟರಿನಲ್ಲಿದ್ದ ಸ್ಕೂಟರಿಗಿಂತ 40ರಲ್ಲಿದ್ದದ್ದು ನಿಲ್ಲಲು ಎರಡು ಪಟ್ಟಲ್ಲ, ನಾಲ್ಕು ಪಟ್ಟು ದೂರ ಬೇಕು. ದೂರ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. ಅದಕ್ಕೇ 40 ಪರ್ಸೆಂಟಿನಲ್ಲಿ ಎರಡು ಹೆಜ್ಜೆ ಹಿಂದೆ ಸರಿದವನು 120ರಲ್ಲಿ ಆಕಾಶದಲ್ಲಿ ನಕ್ಷತ್ರವಾಗಿ ಮಿನುಗಿ ಮಾಯವಾಗುತ್ತಾನೆ. ಸುಳ್ಳು ಭೌತವಿಜ್ಞಾನದ ಹೊಟ್ಟೆಯಲ್ಲಿ ನಿಜವಾದ ಭೌತವಿಜ್ಞಾನ.

(ಇನ್ನೊಂದು ತಮಾಷೆ: ತೂಕಕ್ಕೂ ಬೀಳುವ ವೇಗಕ್ಕೂ ಈ ಆಟದಲ್ಲಿ ಸಂಬಂಧವಿಲ್ಲ. ಫಾಕ್ಸ್ ಹಗುರ, ಆದರೂ ಸರ್ರನೆ ಕೆಳಗಿಳಿಯುತ್ತಾನೆ. ತೂಕಕ್ಕೂ ಬೀಳುವುದಕ್ಕೂ ಗಂಟಿಲ್ಲ ಎಂಬಲ್ಲಿಯವರೆಗೆ ಗೆಲಿಲಿಯೊ ತಲೆದೂಗುತ್ತಿದ್ದ. ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಬೀಳುತ್ತಾರೆ ಎಂದಾಗ ಎದ್ದು ಹೋಗುತ್ತಿದ್ದ.)

ಈಗ ಬಾಯಿಪಾಠದ ಗತಿ ನೋಡಿ. 10 ಪರ್ಸೆಂಟಿನಲ್ಲಿ ಮೊದಲ ಗುದ್ದಿಗೆ ಎದುರಾಳಿ ಕೈಗೆಟಕುವಷ್ಟರಲ್ಲೇ ಇರುತ್ತಾನೆ, ಎರಡನೆಯದು ತಾಗುತ್ತದೆ. 70ರಲ್ಲಿ ಅದೇ ಗುದ್ದಿಗೆ ಅವನು ಆಚೆ ಹಾರಿರುತ್ತಾನೆ, ಎರಡನೆಯ ಗುದ್ದು ಗಾಳಿಗೆ. ಅಂದರೆ ಜೋರಾಗಿ ಏಟು ತಿಂದದ್ದೇ ಮುಂದಿನ ಏಟಿನಿಂದ ಅವನನ್ನು ಕಾಪಾಡುತ್ತದೆ. ಒಂದೇ ಗುಂಡಿ ಒತ್ತಿದರೂ ಪ್ರತಿ ಸಲವೂ ಬೇರೆ ಫಲ, ಹಾಗಾಗಿ ಪಳಗಿದವನೂ ಅಲ್ಲೇ ಯೋಚಿಸಬೇಕು. ಮಗ್ಗಿ ಒಪ್ಪಿಸುತ್ತಿದ್ದ ಹುಡುಗನ ಮುಂದೆ ಒಮ್ಮೆಲೇ ಬಾಯಿಲೆಕ್ಕ ಇಟ್ಟಂತೆ. ಕಲಿತವರು ಇದರಲ್ಲೂ ಏಟಿನ ಸರಗಳನ್ನು ಹುಡುಕಿಕೊಂಡರು, ಅದು ಬೇರೆ ಮಾತು.

ಏಟು ತಾಗಿದ ಕ್ಷಣ ಇಬ್ಬರೂ ಕೆಲವು ಫ್ರೇಮ್ ಹೊತ್ತು ಗಕ್ಕನೆ ನಿಂತುಬಿಡುತ್ತಾರೆ, ಗಮನಿಸಿದ್ದೀರಾ? ಸೆಕೆಂಡಿನ ಚೂರು ಅಷ್ಟೆ. ಅದನ್ನು ತೆಗೆದುಹಾಕಿದರೆ ಇಷ್ಟೆಲ್ಲ ಲೆಕ್ಕವೂ ಹತ್ತಿ ದಿಂಬಿಗೆ ಗುದ್ದಿದ ಹಾಗೆ ಕಾಣುತ್ತದೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಕೇರಂ, ತೆಂಗಿನಕಾಯಿ, ಸ್ಕೂಟರ್ ಎಲ್ಲ ಆಯಿತು. ಅಷ್ಟರಲ್ಲಿ ಹೊಸ ಆಟ ಶುರುವಾಗಿತ್ತು. ಮರ ಉಸಿರು ಬಿಟ್ಟು ಎಲ್ಲರನ್ನೂ ಊದುವ ಡ್ರೀಮ್ ಲ್ಯಾಂಡ್ ಅಖಾಡ. ನಾನು ಕಿರ್ಬಿ, ಕೊನೆಯ ಲೈಫ್, ಪರ್ಸೆಂಟ್ ಬರೀ ಎಂಟು. ಈ ಅಂಕಿಗೆ ಯಾರೂ ನನ್ನನ್ನು ಹಾರಿಸಲಾರರು ಎಂದು ಅವನಿಗೆ ಬಿಡಿಸಿ ಹೇಳುತ್ತಿದ್ದೆ. “ಹ್ಞೂಂ” ಎಂದ. ಅವನ ಡಾಂಕಿ ಕಾಂಗ್ ಹತ್ತಿರ ಬಂದು ನನ್ನನ್ನು ಹಿಡಿದು, ಅಕ್ಕಿ ಮೂಟೆಯಂತೆ ಹೆಗಲಿಗೆ ಹಾಕಿಕೊಂಡು, ಅಂಚಿನವರೆಗೆ ನಿಧಾನವಾಗಿ ನಡೆದು ನನ್ನ ಸಮೇತ ಕೆಳಕ್ಕೆ ಹಾರಿತು. ಅವನಿಗೆ ಇನ್ನೂ ಎರಡು ಲೈಫ್ ಬಾಕಿ ಇದ್ದವು.